ನೆನಪು ಕಳೆದುಕೊಂಡ ನಾಯಕ ಇರಲಿ ಬಿಡಿ

ಪ್ರಶ್ನೆ: ಗೆಳೆಯರೆಲ್ಲ ಸೇರಿ ಒಂದು ರೋಲ್ ಪ್ಲೇಯಿಂಗ್ ಗೇಮ್ (ಆಡುವವರೇ ಕಥೆಯ ಪಾತ್ರವಾಗುವ ವಿಡಿಯೋ ಗೇಮ್) ಮಾಡುತ್ತಿದ್ದೇವೆ. ಕಥೆ ನನ್ನ ಪಾಲಿಗೆ ಬಂದಿದೆ. ನಾಯಕ ನೆನಪು ಕಳೆದುಕೊಂಡು ಕಾಡಿನಲ್ಲಿ ಕಣ್ಣು ಬಿಡುತ್ತಾನೆ. ಒಂದು ಹಳ್ಳಿಯವರು ಅವನನ್ನು ನೋಡಿಕೊಳ್ಳುತ್ತಾರೆ. ಆ ಹಳ್ಳಿಗೆ ಶತ್ರುಗಳು ಬೆಂಕಿ ಇಡುತ್ತಾರೆ. ಆಮೇಲೆ, ಲೋಕ ಉಳಿಸುವವನು ಇವನೇ ಅಂತ ಒಂದು ಭವಿಷ್ಯವಾಣಿ ಸಿಗುತ್ತದೆ. ಗೆಳೆಯರು 'ಇದೆಲ್ಲ ಬರೀ ಕ್ಲೀಷೆ' ಅಂತಿದ್ದಾರೆ. ಎಲ್ಲ ಕಿತ್ತುಹಾಕಿ ಹೊಸದಾಗಿ ಬರೆಯಬೇಕಾ?

ಉತ್ತರ: ಬೇಡ, ದಯವಿಟ್ಟು ಕಿತ್ತುಹಾಕಬೇಡಿ. ಈ ಟ್ರೋಪ್‌ಗಳು (ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಪರಿಚಿತ ಅಚ್ಚುಗಳು) ಸುಮ್ನೆ ಇಷ್ಟು ವರ್ಷ ಉಳಿದಿಲ್ಲ. ಒಂದೊಂದೂ ಆಡುವವರಿಗಾಗಿ ಏನೋ ಕೆಲಸ ಮಾಡುತ್ತದೆ. ಆ ಕೆಲಸ ಯಾವುದು ಅಂತ ಮೊದಲು ನೋಡಿ.

ನೆನಪಿನ ವಿಷಯವನ್ನೇ ತಗೊಳ್ಳಿ. ಗೇಮ್ ಶುರುವಾದಾಗ ಆಡುವವರಿಗೆ ನಿಮ್ಮ ಲೋಕದ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದ ನಾಯಕ 'ಇಲ್ಲಿ ರಾಜ ಯಾರು?' ಅಂತ ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ನೆನಪಿಲ್ಲದವನು ಧಾರಾಳವಾಗಿ ಕೇಳಬಹುದು. ಆದರೆ ಮರೆವು ಅಷ್ಟಕ್ಕೇ ಮುಗಿದರೆ ಗೆಳೆಯರ ದೂರು ಸರಿ. 1999ರ ವಿಡಿಯೋ ಗೇಮ್ ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ನಲ್ಲಿ ನಾಯಕ ಶವಾಗಾರದಲ್ಲಿ ಎದ್ದು ಕೂರುತ್ತಾನೆ. ತನ್ನ ಹೆಸರೂ ಗೊತ್ತಿಲ್ಲ. ಅವನು ಸತ್ತರೂ ಮತ್ತೆ ಏಳುವವನು, ಹಿಂದಿನ ಬದುಕುಗಳ ನೆನಪೆಲ್ಲ ಅಳಿಸಿಹೋಗಿದೆ. ಆ ಬದುಕುಗಳಲ್ಲಿ ಅವನು ನೋಯಿಸಿದವರು ಮಾತ್ರ ಏನನ್ನೂ ಮರೆತಿಲ್ಲ. 2019ರ ಡಿಸ್ಕೋ ಎಲಿಸಿಯಂನಲ್ಲೂ ಹಾಗೇ. ಕಂಠಪೂರ್ತಿ ಕುಡಿದ ಪೊಲೀಸ್ ಅಧಿಕಾರಿಗೆ ತಾನು ಯಾರೆಂಬುದೇ ನೆನಪಿಲ್ಲ. ಅವನು ಕುಡಿದು ಮಾಡಿದ ರಂಪವನ್ನು ಸುತ್ತಲಿನವರು ಕಣ್ಣಾರೆ ನೋಡಿದ್ದಾರೆ. ನಿಮ್ಮ ಕಥೆಯಲ್ಲಿ ನನಗೆ ಕಾಣದೇ ಇದ್ದದ್ದು ಇದೇ. ನಿಮ್ಮ ನಾಯಕ ಮರೆತಿದ್ದಾನೆ, ಸರಿ. ಅವನನ್ನು ಮರೆಯದವರು ಯಾರು? ಅಂಥ ಒಬ್ಬರನ್ನು ಆ ಹಳ್ಳಿಯಲ್ಲೇ ಇಡಿ. ಅವನನ್ನು ನೋಡಿದ ಕೂಡಲೇ ಮಾತು ನಿಲ್ಲಿಸುವವರೊಬ್ಬರು ಸಾಕು.

ಇನ್ನು ಬೆಂಕಿ. ಗೊತ್ತೇ ಇಲ್ಲದ ಹಳ್ಳಿ ಸುಟ್ಟರೆ ಆಡುವವರಿಗೆ ಏನೂ ಆಗುವುದಿಲ್ಲ, ಸಂಗೀತ ಎಷ್ಟೇ ಅಳಲಿ. 1997ರ ಫೈನಲ್ ಫ್ಯಾಂಟಸಿ ಸೆವೆನ್‌ನಲ್ಲಿ ಏರಿತ್ ಸಾಯುವುದನ್ನು ಜನ ಇವತ್ತಿಗೂ ನೆನೆಯುತ್ತಾರೆ. ಅವಳು ಬರೀ ಕಥೆಯ ಪಾತ್ರ ಆಗಿರಲಿಲ್ಲ. ನಮ್ಮ ತಂಡದಲ್ಲಿದ್ದು, ಕಾದಾಟದಲ್ಲಿ ನಮ್ಮ ಗಾಯ ವಾಸಿ ಮಾಡುತ್ತಿದ್ದಳು. ಅವಳು ಹೋದ ಮೇಲೆ ತಂಡದಲ್ಲಿ ಆ ಜಾಗ ಖಾಲಿ. ನಷ್ಟ ಕೈಗೇ ತಾಕುತ್ತದೆ.

ಹಾಗಾಗಿ ಬೆಂಕಿಗೆ ಮೊದಲು ಆಡುವವರ ಕೈಗೆ ಏನಾದರೂ ಕೊಡಿ. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಒಬ್ಬ ಅಜ್ಜಿ ಉಗ್ರಾಣದ ಕೀಲಿ ಕೊಟ್ಟು, 'ಒಂದು ಮೂಟೆ ಕಾಳು ತಂದುಕೊಡಪ್ಪ' ಅನ್ನುತ್ತಾಳೆ. ಮೂಟೆ ಹೊತ್ತು ಬರುವಷ್ಟರಲ್ಲಿ ಬೆಂಕಿ. ಕೀಲಿ ನಾಯಕನ ಚೀಲದಲ್ಲೇ ಉಳಿಯುತ್ತದೆ. ಅದನ್ನು ಮಾರಲು ಆಗದು. ಅದರ ಕೆಳಗೆ 'ಅಜ್ಜಿಗೆ ವಾಪಸ್ ಕೊಡಬೇಕು' ಅಂತ ಒಂದು ಸಾಲು, ಗೇಮ್ ಮುಗಿಯುವವರೆಗೂ ಬದಲಾಗದ ಸಾಲು. ಮುಂದೆ ಆ ಕೀಲಿಯಿಂದ ಯಾವ ನಿಧಿಯ ಪೆಟ್ಟಿಗೆಯನ್ನೂ ತೆರೆಸಬೇಡಿ. ತೆರೆಸಿದರೆ ಅದೊಂದು ಬಹುಮಾನ ಆಗಿಬಿಡುತ್ತದೆ.

ಭವಿಷ್ಯವಾಣಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 2002ರ ಮಾರೋವಿಂಡ್‌ನಲ್ಲಿ ನಾಯಕನಿಗಿಂತ ಮುಂಚೆ 'ಭವಿಷ್ಯವಾಣಿ ಹೇಳಿದವನು ನಾನೇ' ಅಂತ ಹೊರಟು ಸೋತವರ ಆತ್ಮಗಳು ಒಂದು ಗುಹೆಯಲ್ಲಿ ಸಿಗುತ್ತವೆ. ಅವರನ್ನು ಮಾತಾಡಿಸಿದ ಮೇಲೆ, ತಾನೂ ಹಾಗೇ ಸೋಲಬಹುದು ಅನ್ನುವ ಅಳುಕು ಹುಟ್ಟುತ್ತದೆ. ಅಷ್ಟು ಅಳುಕು ಹುಟ್ಟಿಸಿದರೆ ನಿಮಗೂ ಸಾಕು.

ಇನ್ನೊಂದು ಮಾತು. ಮೂರನ್ನೂ ಒಟ್ಟಿಗೆ ತಲೆಕೆಳಗು ಮಾಡಲು ಹೋಗಬೇಡಿ. 2015ರ ಅಂಡರ್‌ಟೇಲ್‌ನಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ಎದುರಿಗೆ ಬಂದದ್ದನ್ನೆಲ್ಲ ಕೊಂದು ಬಲ ಹೆಚ್ಚಿಸಿಕೊಳ್ಳುವ ಅಭ್ಯಾಸ ನಮಗೆ ಬೇರೆ ಗೇಮ್‌ಗಳಿಂದ ಬಂದಿರುತ್ತದಲ್ಲ, ಅದಕ್ಕೇ ಅಲ್ಲಿ ಕೈ ತಡೆಯುವುದು ಅಷ್ಟು ನಾಟುತ್ತದೆ. ಉಳಿದದ್ದು ಪರಿಚಿತವಾಗಿದ್ದರೆ ತಾನೇ ಬದಲಾದದ್ದು ಎದ್ದು ಕಾಣುವುದು? ನೀವು ಮರೆವನ್ನು ಮಾತ್ರ ಬಗ್ಗಿಸಿ.

ಪ್ರಶ್ನೆ: ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ನಾನೇ ಕಥೆ ನಡೆಸುತ್ತೇನೆ. ಪಾತ್ರಗಳೆಲ್ಲ ಹೆಂಡದಂಗಡಿಯಲ್ಲಿ ಭೇಟಿಯಾಗುವ ಶುರುವಾತು ತೀರಾ ಹಳತಾಯಿತಾ?

ಉತ್ತರ: ಹೆಂಡದಂಗಡಿ ಇರಲಿ, ಹೊಸಬರಿಗೆ ಅದರಷ್ಟು ಸುಲಭದ ಬಾಗಿಲು ಇನ್ನೊಂದಿಲ್ಲ. ಅಪರಿಚಿತರಾಗಿ ಮಾತ್ರ ಕೂರಿಸಬೇಡಿ. ಆಟಕ್ಕೆ ಮುಂಚೆ ಒಬ್ಬೊಬ್ಬರನ್ನೂ ಕೇಳಿ: 'ನಿನ್ನ ಬಲಗಡೆ ಕೂತವರಿಗೆ ನೀನು ಏನು ಬಾಕಿ ಇದ್ದೀಯ?' ಸಾಲವೋ, ಕ್ಷಮೆಯೋ, ಜೀವವೋ, ಅವರೇ ಹೇಳಲಿ. ನೀವು ಬರೆದುಕೊಳ್ಳಿ, ಮೊದಲ ಜಗಳವನ್ನು ಆ ಹಾಳೆಯಿಂದಲೇ ಎತ್ತಿಕೊಳ್ಳಿ.