ಅಪ್ಪನಿಂದ ಕೊಂಡ ಒಂದು ಮೂಟೆ

ಹೊರದೇಶದಲ್ಲಿ ಉದ್ಯಮ ಕಲಿತು ಕೊಡಗಿಗೆ ಮರಳಿದವರು, ಮರಳಿದ ಮೇಲೆ ಕುಗ್ಗಿಹೋಗಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದದ್ದು ಎರಡು ವರ್ಷಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಇಬ್ಬರಿಗೂ ‘ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು’ ಎಂದು ಹೇಳಿ ಕಳುಹಿಸಿದ್ದೆ. ಆ ಮಾತು ಸಾಲದಾಗಿತ್ತು ಎಂಬ ಕೊರಗಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಈ ಸಲ ಬಂದ ಯುವತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು 27. ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರ ಮನೆ. ಬೆಂಗಳೂರಿನ ಕೆಲಸ ಬಿಟ್ಟು, ಇಟಲಿಯ ಟ್ರಿಯೆಸ್ತೆಯಲ್ಲಿ ಸಣ್ಣದೊಂದು ಕಾಫಿ ಹುರಿಯುವ ಘಟಕದ ಮಾಲೀಕರ ಜೊತೆ ಮೂರು ತಿಂಗಳು ದುಡಿದು ಬಂದಿದ್ದರು. ಯುರೋಪಿನಲ್ಲಿ 2009ರಿಂದ ಇಂಥದೊಂದು ಯೋಜನೆ ನಡೆಯುತ್ತಿದೆ; ಹೊಸ ಉದ್ಯಮಿಗಳು 1ರಿಂದ 6 ತಿಂಗಳು ಅನುಭವಿಯೊಬ್ಬರ ಬಳಿ ಇದ್ದು ಕಲಿಯುತ್ತಾರೆ. ಈಕೆ ಹೋದ ದಾರಿ ಬೇರೆ, ಕ್ರಮ ಹೆಚ್ಚುಕಡಿಮೆ ಅದೇ.

ಮೊದಲೆರಡು ಭೇಟಿಗಳಲ್ಲಿ ಬರೀ ಅಪ್ಪನ ಮೇಲಿನ ದೂರು. ಮೂರನೆಯ ಸಲ ನಾನು, “ಅಲ್ಲಿ ಕಳೆದ ಅತಿ ಕೆಟ್ಟ ದಿನ ಯಾವುದು?” ಎಂದು ಕೇಳಿದೆ. ಆಕೆಯ ಮುಖ ಅರಳಿತು. ಒಬ್ಬರೇ ನಿಂತು ಹುರಿದ ಮೊದಲ ದಿನ 12 ಕಿಲೋ ರೊಬಸ್ಟಾ ಕರಕಲಾಗಿತ್ತಂತೆ. ಮೂಟೆಯ ಮೇಲೆ ‘ಇಂಡಿಯಾ’ ಎಂದಿತ್ತು. ನಮ್ಮ ಕಾಫಿಯನ್ನು ಬಹಳ ಕೊಳ್ಳುವ ದೇಶವಲ್ಲವೇ ಅದು! ಮಾಲೀಕರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕರಕಲನ್ನು ತೂಗಿಸಿ, ಈಕೆಯ ಕೈಯಿಂದಲೇ ಈಕೆಯ ಹೆಸರಿನಲ್ಲಿ ನಷ್ಟದ ಲೆಕ್ಕ ಬರೆಸಿ, ಮರುದಿನ ಅದೇ ಯಂತ್ರವನ್ನು ಮತ್ತೆ ಒಪ್ಪಿಸಿದರು.

“ಇಲ್ಲಿಗೆ ಬಂದ ಮೇಲೆ?”

ಬಹಳ ಹೊತ್ತು ಸುಮ್ಮನಿದ್ದರು. ಜನವರಿಯ ಒಂದು ಸಂಜೆ ಕಣದಲ್ಲಿ ಒಣಗುತ್ತಿದ್ದ ಪಾರ್ಚ್‌ಮೆಂಟಿಗೆ (ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಕಾಫಿ ಬೀಜಕ್ಕೆ) ಟಾರ್ಪಾಲು ಹೊದಿಸುವ ಹೊಣೆ ಆಕೆಯದಾಗಿತ್ತು. ಮರೆತರು. ರಾತ್ರಿ ಅಕಾಲದ ಮಳೆ ಬಂತು. ಬೆಳಿಗ್ಗೆ ನೆಂಟರೆದುರು ಅಪ್ಪ, “ರೈಟರ್ ಮರೆತುಬಿಟ್ಟ” ಎಂದರು. ತೋಟದ ಲೆಕ್ಕ ಬರೆಯುವ ಆ ಹಿರಿಯರು ತಲೆ ತಗ್ಗಿಸಿ ನಿಂತಿದ್ದರು. ಈಕೆ ಬಾಯಿ ಬಿಡಲಿಲ್ಲ.

“ಮೇಡಂ, ಅಲ್ಲಿ ನಾನು ಯಾರ ಮನೆಯವಳೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ತಪ್ಪು ನನ್ನದಾಗಿತ್ತು. ಇಲ್ಲಿ ಅದನ್ನೂ ನನಗೆ ಕೊಡುವುದಿಲ್ಲ.”

ಕೊಡಗಿನಲ್ಲಿ ಹೊಸಬರನ್ನು ಕಂಡಾಗ ಮೊದಲು ಕೇಳುವುದೇ ‘ಯಾವ ಮನೆ?’ ಎಂದು. ಮನೆಹೆಸರು ಕಷ್ಟಕಾಲದಲ್ಲಿ ಎಷ್ಟು ದೊಡ್ಡ ಆಸರೆಯೆಂದು ನಾನು ಬಲ್ಲೆ. ಆದರೆ ಮಕ್ಕಳ ತಪ್ಪನ್ನು ಮುಚ್ಚಲು ಆ ಹೆಸರನ್ನು ಬಳಸಿದರೆ, ಅವರು ಎಷ್ಟು ದೇಶ ಸುತ್ತಿದರೂ ಹೊಸ್ತಿಲು ದಾಟಿದೊಡನೆ ಮತ್ತೆ ಚಿಕ್ಕವರಾಗುತ್ತಾರೆ. ಆಕೆ ಟ್ರಿಯೆಸ್ತೆಯಿಂದ ತಂದದ್ದು ಹುರಿಯುವ ವಿದ್ಯೆಗಿಂತ ಹೆಚ್ಚಾಗಿ, ನಷ್ಟಕ್ಕೆ ತನ್ನ ಹೆಸರು ಬರೆಯುವ ಧೈರ್ಯವನ್ನು.

ಎರಡು ಸಲಹೆ ಕೊಟ್ಟೆ. ಮೊದಲು ರೈಟರ್ ಬಳಿ ಹೋಗಿ, ಅಪ್ಪ ಇರುವಾಗಲೇ, ನಡೆದದ್ದನ್ನು ಹೇಳಿ ಕ್ಷಮೆ ಕೇಳಬೇಕು. ಆಮೇಲೆ ತೋಟದ ಯಜಮಾನಿಕೆಯ ಮಾತನ್ನು ಬದಿಗಿಟ್ಟು, ತಮ್ಮ ಉಳಿತಾಯದಿಂದ ಅಪ್ಪನ ಬಳಿಯೇ 50 ಕಿಲೋದ ಒಂದು ಮೂಟೆ ಪಾರ್ಚ್‌ಮೆಂಟನ್ನು ಅಂದಿನ ಮಾರುಕಟ್ಟೆ ದರಕ್ಕೆ, ರಸೀದಿ ಸಮೇತ ಕೊಳ್ಳಬೇಕು. ಸಿಪ್ಪೆ ತೆಗೆದರೆ ಸುಮಾರು 40 ಕಿಲೋ ಬೀಜ. ಹುರಿದಾಗ ತೂಕ ಇನ್ನೂ 15ರಿಂದ 20 ಪ್ರತಿಶತ ಇಳಿಯುತ್ತದೆ. ಪೂರ್ತಿ ಹಾಳಾದರೂ ಆಕೆ ತಾಳಿಕೊಳ್ಳಬಹುದಾದಷ್ಟೇ ನಷ್ಟ. ಅದಕ್ಕಾಗಿಯೇ ಒಂದೇ ಮೂಟೆ ಎಂದೆ.

ವ್ಯಾಪಾರದ ಸಲಹೆ ಕೊಡುವುದು ನಮ್ಮ ಕೆಲಸವಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಲಾಭದ ಮಾತನ್ನು ನಾನು ಆಡಿಯೇ ಇಲ್ಲ; ಅಪ್ಪ ಮುಚ್ಚಲಾಗದ ಒಂದು ಲೆಕ್ಕ ಆಕೆಗೆ ಬೇಕಿತ್ತು. ಅದನ್ನು ಬರೀ ಮಾತಿನಲ್ಲಿ ಕೊಡಲು ಬರುವುದಿಲ್ಲ.

“ಹೆತ್ತ ಮಗಳಿಂದ ದುಡ್ಡು ತೆಗೆದುಕೊಳ್ಳುವುದೇ?” ಎಂದು ಅಪ್ಪ ನನಗೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ತೆಗೆದುಕೊಳ್ಳಿ, ಒಂದು ರೂಪಾಯಿಯೂ ಬಿಡಬೇಡಿ ಎಂದು ಬೇಡಿಕೊಂಡೆ.

ರೈಟರ್ ಎದುರು ನಿಂತು ಹೇಳುವುದಕ್ಕೆ ಆಕೆಗೆ ಹನ್ನೊಂದು ದಿನ ಹಿಡಿಯಿತು. ಅಪ್ಪ ಏನೂ ಹೇಳದೆ ಎದ್ದು ತೋಟಕ್ಕೆ ಹೋದರಂತೆ. ಮರುವಾರ ಮೂಟೆ ತೂಗಿಸಿ, ಹಣ ಎಣಿಸಿಕೊಂಡು, ರಸೀದಿಯಲ್ಲಿ ಮಗಳ ಹೆಸರು ಬರೆದು ತಲೆ ಎತ್ತಿ ಕೇಳಿದರಂತೆ: “ಮನೆಹೆಸರೂ ಬರೆಯಲೇ?”