ಊರಾಚೆಯ ಹಳೆ ಸಮಾಧಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಗಿಣಾ ದಂಡೆಯ ನಮ್ಮ ಹಳ್ಳಿಯ ಹಳೆ ಸ್ಮಶಾನದಲ್ಲಿ ಅಕ್ಷರವಿರುವ ಏಳೆಂಟು ಕಲ್ಲುಗಳಿವೆ. ಪಾಚಿ ಹಿಡಿದು ಮಸುಕಾಗಿವೆ. ಆ್ಯಸಿಡ್ ಹಾಕಿ ತೊಳೆದು, ಅಕ್ಷರಕ್ಕೆ ಬಣ್ಣ ತುಂಬಲು ಯುವಕ ಸಂಘದವರು ಹೊರಟಿದ್ದಾರೆ. ಮಾಡಬಹುದೇ? (ಚಿತ್ತಾಪುರ ತಾಲ್ಲೂಕು)

ಉತ್ತರ: ದಯವಿಟ್ಟು ಇವತ್ತೇ ತಡೆಯಿರಿ. ನಿಮ್ಮ ಭಾಗದ್ದು ಬಹುಮಟ್ಟಿಗೆ ಶಹಾಬಾದಿ ಪರಸಿ, ಅಂದರೆ ಸುಣ್ಣಕಲ್ಲು. ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಬುರುಬುರು ನೊರೆ ಬರುತ್ತದೆ. ಕೊಳೆ ಬಿಡುತ್ತಿದೆ ಎಂದು ಜನ ಖುಷಿಪಡುತ್ತಾರೆ, ಆದರೆ ಕರಗುತ್ತಿರುವುದು ಕಲ್ಲೇ. ಅಕ್ಷರದ ಆಳ ಎಷ್ಟೋ ಕಡೆ ಒಂದೆರಡು ಮಿಲಿಮೀಟರ್ ಮಾತ್ರ. ಎರಡು ಸಲ ತೊಳೆದರೆ ಓದಲು ಏನೂ ಉಳಿಯುವುದಿಲ್ಲ.

ಬೇಕಾದದ್ದು ಒಂದು ಬಕೆಟ್ ನೀರು, ಮೆತ್ತನೆಯ ನಾರಿನ ಬ್ರಷ್, ಬಿದಿರಿನ ಕಡ್ಡಿ. ತಂತಿ ಬ್ರಷ್, ಸೋಪಿನ ಪುಡಿ, ಬ್ಲೀಚಿಂಗ್ ಪುಡಿ ಯಾವುದೂ ಬೇಡ. ಮೊದಲು ಕಲ್ಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಪದರ ಎದ್ದಿದೆ ಎಂದರ್ಥ. ಪರಸಿ ಪದರ ಪದರವಾಗಿಯೇ ಬಿಚ್ಚಿಕೊಳ್ಳುವ ಕಲ್ಲು, ಅಂಥದಕ್ಕೆ ನೀರನ್ನೂ ಹಾಕಬೇಡಿ. ಗಟ್ಟಿಯಿದ್ದರೆ ಕೆಳಗಿನಿಂದ ಮೇಲಕ್ಕೆ ಒದ್ದೆ ಮಾಡುತ್ತಾ ಬನ್ನಿ. ಮೇಲಿನಿಂದ ಸುರಿದರೆ ಕೊಳೆ ನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತದೆ. ಬಿಗಿಯಾಗಿ ಅಂಟಿದ ಕಲ್ಲುಹೂವನ್ನು ಕೆರೆಯಬೇಡಿ, ಅದರ ಜೊತೆ ಕಲ್ಲಿನ ಹೊರಪದರವೂ ಕಿತ್ತು ಬರುತ್ತದೆ.

ಅಕ್ಷರದಲ್ಲಿ ಬಣ್ಣ, ಸೀಮೆಸುಣ್ಣ, ವಿಭೂತಿ, ಹಿಟ್ಟು ತುಂಬುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ಅದನ್ನು ಬಿಡಲೇಬೇಕು. ತುಂಬುವವರು ‘ಪ’ವನ್ನು ‘ವ’ ಎಂದು ತಿಳಿದು ಗೆರೆ ಎಳೆದರೆ ಮುಂದೆ ಬಂದವರೆಲ್ಲ ‘ವ’ ಎಂದೇ ಓದುತ್ತಾರೆ. ಓದಲು ಬೇಕಾದದ್ದು ಓರೆ ಬೆಳಕು. ಸೂರ್ಯ ಕೆಳಗಿರುವಾಗ, ಬೆಳಿಗ್ಗೆ ಏಳರ ಹೊತ್ತಿಗೆ ಇಲ್ಲವೇ ಸಂಜೆ, ಕಲ್ಲಿನ ಮೈಸವರಿ ಬಿಸಿಲು ಬಿದ್ದಾಗ ಫೋಟೊ ತೆಗೆಯಿರಿ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಚಳಿಗಾಲದಲ್ಲಿ ಬಿಸಿಲೇ ಸಿಗದು. ಆಗ ಒಂದೂವರೆ ಅಡಿಯ ಕನ್ನಡಿಯಲ್ಲಿ ಬಿಸಿಲು ಹಿಡಿದು ಪಕ್ಕದಿಂದ ಹಾಯಿಸಿ. ಪ್ರತಿ ಕಲ್ಲಿಗೂ ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿದ್ದ ಮೂರು ಫೋಟೊ ಇರಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ.

ಇಷ್ಟಕ್ಕೂ ಮೊದಲು ನಕ್ಷೆ ಬರೆಯಿರಿ. ವಾಯವ್ಯ ಮೂಲೆಯಿಂದ ಶುರುಮಾಡಿ ಐದು ಮೀಟರ್‌ಗೆ ಒಂದರಂತೆ ಗೂಟ ನೆಟ್ಟು ಹಗ್ಗ ಕಟ್ಟಿ, ಚೌಕಕ್ಕೊಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಕಾಗದದಲ್ಲಿ ಬರೆಯಿರಿ, ಕಲ್ಲಿನ ಮೇಲೆ ಅಲ್ಲ. ಬಿದ್ದ ಕಲ್ಲನ್ನು ಸಿಮೆಂಟಿನಲ್ಲಿ ನಿಲ್ಲಿಸಬೇಡಿ. ಸಿಮೆಂಟ್ ನೀರನ್ನು ಕಲ್ಲಿನ ಬುಡದಲ್ಲೇ ಹಿಡಿದಿಡುತ್ತದೆ, ಉಪ್ಪು ಮೇಲೇರಿ ಪರಸಿಯ ಅಂಚು ಉದುರುತ್ತದೆ.

ಪ್ರಶ್ನೆ: ಗೋರಿಯೊಂದರ ಮೇಲೆ ಹಿಜರಿ ವರ್ಷವಿದೆ. ಇಸವಿ ತಿಳಿಯುವುದು ಹೇಗೆ? (ಬೀದರ)

ಉತ್ತರ: ಹಲವರು ಸುಮ್ಮನೆ 622 ಕೂಡಿಸಿ ತಪ್ಪುತ್ತಾರೆ. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಆದ್ದರಿಂದ ಮೊದಲು 0.97ರಿಂದ ಗುಣಿಸಿ, ನಂತರ 622 ಕೂಡಿಸಿ. ನಿಮ್ಮ ಪಕ್ಕದ ಅಷ್ಟೂರಿನಲ್ಲೇ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ತೀರಿದ್ದು ಹಿಜರಿ 839ರಲ್ಲಿ. 839ನ್ನು 0.97ರಿಂದ ಗುಣಿಸಿದರೆ 813.83, ಅದಕ್ಕೆ 622 ಕೂಡಿಸಿದರೆ 1435.83. ಆತ ತೀರಿದ ಇಸವಿ 1436. ನೇರವಾಗಿ ಕೂಡಿಸಿದ್ದರೆ 1461 ಬಂದು 25 ವರ್ಷ ತಪ್ಪುತ್ತಿತ್ತು. ಇಸವಿ ಒಂದು ವರ್ಷ ಆಚೀಚೆ ಆಗಬಹುದು, ತಿಂಗಳು ಗೊತ್ತಿದ್ದರೆ ಖಚಿತ. ಶಕ ವರ್ಷಕ್ಕಾದರೆ 78 ಕೂಡಿಸಿ, ಸಂವತ್ಸರದ ಹೆಸರೊಂದಿಗೆ ತಾಳೆ ನೋಡಿ.

ಪ್ರಶ್ನೆ: ಹೊಲದಲ್ಲಿ ಚಪ್ಪಡಿಯ ಸಣ್ಣ ಮನೆಗಳಿವೆ. ‘ಮೋರೇರ ಮನೆ’ ಅನ್ನುತ್ತಾರೆ. ಒಳಗೆ ನಿಧಿ ಇದೆಯೆಂಬ ಮಾತು ನಿಜವೇ? (ಸುರಪುರ ಭಾಗ)

ಉತ್ತರ: ನಿಧಿ ಇಲ್ಲ, ಅವು ಸಮಾಧಿಗಳು. ಕ್ರಿಸ್ತಪೂರ್ವದ ಕಬ್ಬಿಣ ಯುಗದವು, ನಿಮ್ಮ ಸೀಮೆಯ ಅತಿ ಹಳೆಯ ಸ್ಮಶಾನ ಎಂದರೂ ಸರಿ. ಇಂಥವುಗಳ ಬಗ್ಗೆ ಮೊದಲು ವಿವರವಾಗಿ ಬರೆದವರಲ್ಲಿ ಒಬ್ಬ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ರಾಜನಕೋಳೂರಿನ ಕಲ್ಮನೆಗಳನ್ನೂ ಜೇವರ್ಗಿ ಬಳಿಯ ಕಲ್ಲುಗುಪ್ಪೆಗಳನ್ನೂ ಅವನು ಅಗೆಸಿ ನೋಡಿದ. ಸಿಕ್ಕಿದ್ದು ಮೂಳೆ, ಬೂದಿ, ಮಡಕೆ, ಕಬ್ಬಿಣದ ಸಾಮಾನು. ಇವು ಹೊರನಾಡಿನ ಜನರವು ಎಂಬ ಅವನ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ, ಆದರೆ ಅವನ ಅಳತೆ, ಚಿತ್ರಗಳು ಇಂದಿಗೂ ಉಪಯುಕ್ತ.

ಸುತ್ತಲಿನ ಹೊಲದಲ್ಲಿ ಬಿದ್ದ ಮಡಕೆ ಚೂರು ನೋಡಿ. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು ಇದ್ದರೆ ಆ ಕಾಲದ ಗುರುತು. ಚೂರನ್ನು ಮನೆಗೆ ಒಯ್ಯಬೇಡಿ, ಬಿದ್ದಲ್ಲೇ ಫೋಟೊ ತೆಗೆಯಿರಿ. ನಿಧಿಯಾಸೆಗೆ ನೆಲದ ಚಪ್ಪಡಿ ಎತ್ತಿದರೆ ಮಣ್ಣಿನ ಪದರ ಕಲಸಿಹೋಗುತ್ತದೆ. ಆಮೇಲೆ ಯಾವ ತಜ್ಞರು ಬಂದರೂ ಕಾಲ ಹೇಳಲಾರರು. ಟ್ರ್ಯಾಕ್ಟರ್ ನೇಗಿಲು ಹತ್ತಿರ ಸುಳಿಯದಂತೆ ಎರಡು ಮೀಟರ್ ಅಂಚು ಬಿಟ್ಟು ಉಳುಮೆ ಮಾಡಿ, ಪುರಾತತ್ವ ಇಲಾಖೆಗೆ ಸರ್ವೆ ನಂಬರ್ ಸಹಿತ ಬರೆಯಿರಿ.

ಪ್ರಶ್ನೆ: ಹಳೆ ಸ್ಮಶಾನ ಒತ್ತುವರಿಯಾಗುತ್ತಿದೆ. ಜಾಗ ಊರಿನದೇ ಎಂಬುದಕ್ಕೆ ಕಾಗದ ಎಲ್ಲಿ ಹುಡುಕಬೇಕು? (ಹುಮನಾಬಾದ್)

ಉತ್ತರ: ಮೊದಲು ಪಹಣಿಯ ವಿಸ್ತೀರ್ಣದ ಕಾಲಂ ನೋಡಿ. ಸ್ಮಶಾನದಂಥ ಸಾರ್ವಜನಿಕ ಜಾಗವನ್ನು ‘ಖರಾಬ ಬ’ ಎಂದು ಬರೆದಿರುತ್ತಾರೆ. ‘ಖರಾಬ ಅ’ ಎಂದರೆ ಕೇವಲ ಸಾಗುವಳಿಗೆ ಬಾರದ ನೆಲ. ಈ ಒಂದಕ್ಷರ ಅದಲುಬದಲಾಗಿದೆಯೇ ಎಂದು 1954-55ರ ಖಾಸ್ರಾ ಪಹಣಿ (ಆಗಿನ ಸರ್ವೆ ನಂಬರ್‌ವಾರು ಜಮೀನು ದಾಖಲೆ) ಮತ್ತು ಗ್ರಾಮ ನಕ್ಷೆಯೊಂದಿಗೆ ಹೋಲಿಸಿ. ಎರಡರದ್ದೂ ದೃಢೀಕೃತ ನಕಲು ಕೇಳಿ ಪಡೆಯಿರಿ.

ಅದಕ್ಕೂ ಹಿಂದಿನ ಕಡತಗಳು ನಿಜಾಮ ಕಾಲದವು, ಉರ್ದುವಿನಲ್ಲಿ ಇರುತ್ತವೆ, ವರ್ಷ ಫಸಲಿ, ಅಂದರೆ ಕಂದಾಯದ ವರ್ಷ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ: ಫಸಲಿ 1357 ಎಂದರೆ 1947-48. ಫಸಲಿಯನ್ನು ಹಿಜರಿ ಎಂದು ತಿಳಿದರೆ ಲೆಕ್ಕವೇ ಕೆಡುತ್ತದೆ. ಇನ್ನೊಂದು ತೊಡಕೂ ಇದೆ. 1956ರ ನವೆಂಬರ್ 1ರಂದು ಹಳೆ ಬೀದರ ಜಿಲ್ಲೆ ಒಡೆಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಗಡಿಯ ಹಳ್ಳಿಯಾದರೆ ಕಡತ ಇಂದಿನ ಲಾತೂರು ಇಲ್ಲವೇ ಸಂಗಾರೆಡ್ಡಿ ಜಿಲ್ಲೆಯ ಕಚೇರಿಯಲ್ಲಿ ಇರುವ ಸಾಧ್ಯತೆಯುಂಟು, ಅಲ್ಲಿಗೂ ಅರ್ಜಿ ಹಾಕಿ. ಅರ್ಜಿಯಲ್ಲಿ ಊರಿನ ಹೆಸರಿನ ಜೊತೆಗೆ ಹಳೆಯ ತಾಲ್ಲೂಕಿನ ಹೆಸರನ್ನೂ ಬರೆಯಿರಿ.