ನಾಟಕದ ರಾಕ್ಷಸಿ ಪಾತ್ರಕ್ಕೆ, ಆಗಷ್ಟೇ ತಲೆಸ್ನಾನ ಮಾಡಿದ ಹೆಂಡತಿಗೆ ಉಲ್ಟಾ (ತುದಿಯಿಂದ ಬುಡದ ಕಡೆಗೆ) ಬಾಚಿ ಎತ್ತರ ಮಾಡಿದ ಕೂದಲು, ಹೆರಳು ಹಾಕುವಷ್ಟರಲ್ಲಿ ಕುಸಿಯುವುದು ಯಾಕೆ?

ನೀವು ಎತ್ತರ ಮಾಡಿದ ಕೂದಲನ್ನೇ ಮತ್ತೆ ಎಳೆದು ಹೆರಳು ಹಾಕುತ್ತಿದ್ದೀರಿ, ಅದಕ್ಕೇ. ಜೊತೆಗೆ, ಆಗಷ್ಟೇ ತಲೆಸ್ನಾನ ಮಾಡಿದ ಕೂದಲು ನುಣುಪಾಗಿ ಜಾರುತ್ತದೆ, ಅದೂ ತೊಂದರೆಯೇ.

ಒಂದೊಂದು ಕೂದಲಿನ ಮೇಲೂ ಕಣ್ಣಿಗೆ ಕಾಣದ ಸಣ್ಣ ಪದರಗಳಿವೆ, ಧಾರವಾಡದ ಹಳೇ ಮನೆಗಳ ಹಂಚಿನ ಹಾಗೆ ಒಂದರ ಮೇಲೊಂದು, ಎಲ್ಲದರ ಅಂಚೂ ಕೂದಲಿನ ತುದಿ ಕಡೆಗೆ. ಅದಕ್ಕೇ ಬುಡದಿಂದ ಕೆಳಗೆ ಬಾಚಿದರೆ ಹಣಿಗೆ ಸಲೀಸಾಗಿ ಜಾರುತ್ತದೆ. ಉಲ್ಟಾ ಬಾಚಿದರೆ ಈ ಅಂಚುಗಳು ಎದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಗಿಡ್ಡ ಕೂದಲೆಲ್ಲ ಬುಡಕ್ಕೆ ಹೋಗಿ ಪುಟ್ಟ ದಿಂಬಿನ ಹಾಗೆ ಕೂರುತ್ತದೆ. ಎತ್ತರ ಹಿಡಿದು ನಿಲ್ಲಿಸುವುದು ಆ ದಿಂಬೇ. ಎಣ್ಣೆ ಅಥವಾ ಕಂಡೀಷನರ್ ಇದ್ದರೆ ಅದು ಜಾರುತ್ತದೆ, ಹೆರಳು ಬಿಗಿಯಾಗಿ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಆದ್ದರಿಂದ ತಲೆಸ್ನಾನದ ಮರುದಿನ ಕೂರಿಸಿ. ನೆತ್ತಿಯ ಕೂದಲನ್ನು ಕ್ಲಿಪ್ ಹಾಕಿ ಬೇರೆ ಇಟ್ಟು, ಮೊದಲು ಪಕ್ಕದ ಹೆರಳುಗಳನ್ನು ಮುಗಿಸಿ. ಉಲ್ಟಾ ಬಾಚುವುದು ಕೊನೆಗೆ, ತೆಳು ತೆಳು ಎಳೆ ಹಿಡಿದು, ಬುಡದಲ್ಲಿ ಮಾತ್ರ. ಮೇಲಿನ ಒಂದು ಪದರ ಕೂದಲು ಹಾಗೇ ಬಿಟ್ಟು ಅದರಿಂದ ಮುಚ್ಚಿ.

ಬಿಡಿಸುವಾಗ ಅವಸರ ಬೇಡ. ಕಂಡೀಷನರ್ ಸವರಿ, ತುದಿಯಿಂದ ಶುರು ಮಾಡಿ ಬೆರಳಲ್ಲೇ ಸಿಕ್ಕು ಬಿಡಿಸಿ. ನಾನು ಮೊದಲ ಸಲ ಬುಡದಿಂದ ಹಣಿಗೆ ಎಳೆದು ತಂಗಿಯಿಂದ ಚೆನ್ನಾಗಿ ಬೈಸಿಕೊಂಡಿದ್ದೆ, ಆಮೇಲೆ ಒಂದು ತಿಂಗಳು ಅವಳು ತಲೆ ಕೊಡಲಿಲ್ಲ.